ಕಿಮೆರಾದ ಕೈ

ನಾಲ್ಕು ಹೆಣ್ಣಾದ ಮೇಲೆ ಐದನೆಯದೂ ಹೆಣ್ಣೇ ಎಂದು ತಿಳಿದಾಗ ಅಪ್ಪ ಡೇರೆಯ ಒಳಗೆ ಕಾಲೇ ಇಡಲಿಲ್ಲ. ಹೊರಗಿನಿಂದಲೇ "ಯೆತೆರ್!" ಎಂದು ಒಂದು ಸಲ ಕೂಗಿ ಆಡುಗಳ ಹಿಂದೆ ಹೊರಟುಹೋದ. ಸಾಕು ಎಂದು ಅದರ ಅರ್ಥ. ಅದೇ ಮಗುವಿನ ಹೆಸರಾಯಿತು. ಹುಟ್ಟಿದ ದಿನವೇ ಸಾಕೆನಿಸಿಕೊಂಡವಳನ್ನು ಆಮೇಲೆ ಯಾರೂ ಬೇಕು ಅನ್ನಲಿಲ್ಲ ಎಂದು ನಮ್ಮೂರ ಹೆಂಗಸರು ಹೇಳುತ್ತಾರೆ. ಅದು ಸುಳ್ಳು. ಒಬ್ಬ ಬೇಕು ಅಂದಿದ್ದ. ಅವನಿಗೆ ನಾಲ್ಕು ಕಾಲು, ಎರಡು ಕೊಂಬು ಇದ್ದವು.

ಯೆತೆರ್ ಹದಿನೇಳಕ್ಕೆ ದುರ್ಮುಷನ ಹೆಂಡತಿಯಾಗಿ ಕಡಲಂಚಿನ ನಮ್ಮೂರು ಚಿರಾಲಿಗೆ ಬಂದಳು. ಚಳಿಗಾಲಕ್ಕೆ ಕಡಲ ಬದಿ, ಬೇಸಿಗೆಗೆ ಬೆಟ್ಟದ ಮೇಲಿನ ಹುಲ್ಲುಗಾವಲು, ಆಡು ಸಾಕುವವರ ಬಾಳೇ ಅಷ್ಟು. ದುರ್ಮುಷ್ ನೋಡಲು ಲಕ್ಷಣವಾಗಿದ್ದ, ಮತ್ತು ಆ ಸಂಗತಿ ಅವನಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಜೇಬಿನಲ್ಲಿ ಸದಾ ಒಂದು ಕನ್ನಡಿ, ಒಂದು ಬಾಚಣಿಗೆ. ಆರು ವರ್ಷವಾದರೂ ಹೆಂಡತಿಯ ಮಡಿಲು ತುಂಬಲಿಲ್ಲ. "ಬಂಜರಿಗೆ ಬೇಲಿ ಬೇರೆ ಕೇಡು" ಎಂದು ಅತ್ತೆ ಅವಳ ಮುಂದೆಯೇ ಅನ್ನುತ್ತಿದ್ದಳು.

ಏಳನೆಯ ವರ್ಷದ ಚಳಿಗೆ ಒಂದು ಆಡು ಈಯುವಾಗಲೇ ಸತ್ತಿತು. ಉಳಿದ ಮರಿಯನ್ನು ಯೆತೆರ್ ಎದೆಗೆ ಕಟ್ಟಿಕೊಂಡು ಮಲಗಿದಳು, ಬಟ್ಟೆಯ ತುದಿ ಹಾಲಿನಲ್ಲಿ ಅದ್ದಿ ಚೀಪಿಸಿದಳು. ಅದಕ್ಕೆ ಪಾಷಾ ಎಂದು ಹೆಸರಿಟ್ಟಳು. ಬೆಳೆದ ಮೇಲೆ ಬೀಜ ಒಡೆಸಿ, ಕೊರಳಿಗೆ ಹಿತ್ತಾಳೆಯ ದೊಡ್ಡ ಗಂಟೆ ಕಟ್ಟಿ ಹಿಂಡಿನ ಮುಂದಾಳು ಮಾಡಿದಳು.

ಮುಂದಾಳು ಹೋತವನ್ನು ತಯಾರು ಮಾಡುವುದು ಹುಡುಗಾಟವಲ್ಲ. ಗಂಟೆ ಅಲ್ಲಾಡಿಸುವುದು, ಅಂಗೈಯಲ್ಲಿ ಉಪ್ಪು ನೆಕ್ಕಿಸುವುದು, ಇದನ್ನು ಎರಡು ವರ್ಷ ಬಿಡದೆ ಮಾಡಬೇಕು. ಆಮೇಲೆ ಆ ಗಂಟೆ ಎಲ್ಲಿ ಕೇಳಿದರೂ ಹೋತ ಅಲ್ಲಿಗೆ ಬರುತ್ತದೆ, ಹೋತ ಹೋದಲ್ಲಿಗೆ ಹಿಂಡು ಹೋಗುತ್ತದೆ. ಹೊಳೆಯಾದರೂ ಸರಿ, ಹಿಮವಾದರೂ ಸರಿ. ಬೇರೆಯವರ ಹೊಲದ ಪಕ್ಕ ಹಾಯುವಾಗ ಗಂಟೆಯ ಬಾಯಿಗೆ ಉಣ್ಣೆ ತುರುಕಿ ಸದ್ದಡಗಿಸುತ್ತಾರೆ. ಉಣ್ಣೆ ತುರುಕುವುದೂ ತೆಗೆಯುವುದೂ ಹೋತವನ್ನು ಸಾಕಿದವರ ಕೈಯದೇ ಕೆಲಸ. ಇನ್ನೊಬ್ಬರು ಆ ಗಂಟೆಯ ಬಾಯಿಗೆ ಬೆರಳು ಹಾಕಿದರೆಂದು ನಮ್ಮಲ್ಲಿ ಯಾರೂ ಕೇಳಿಲ್ಲ, ಕೇಳಿದರೂ ನಂಬುವುದಿಲ್ಲ.

ಎಪ್ಪತ್ತಮೂರರ ಏಪ್ರಿಲ್‌ನಲ್ಲಿ, ಬೆಟ್ಟ ಹತ್ತಲು ಇನ್ನು ಹತ್ತು ದಿನವಿದೆ ಎನ್ನುವಾಗ, ಇಸ್ತಾಂಬುಲ್‌ನಿಂದ ಸಿನಿಮಾದವರು ಎರಡು ವ್ಯಾನಿನಲ್ಲಿ ಬಂದರು. ಅವರ ನಿರ್ದೇಶಕ ನೆಜಾತ್ ಬೇ, ಕುತ್ತಿಗೆಗೆ ಕೆಂಪು ವಸ್ತ್ರ ಸುತ್ತಿಕೊಂಡ ತೆಳ್ಳನೆಯ ಮನುಷ್ಯ, ಸಿತ್ಕಿಯ ಕಾಫಿ ಅಂಗಡಿಯಲ್ಲಿ ಕೂತು ಊರವರಿಗೆ ಊರಿನದೇ ಕತೆ ಹೇಳಿದ.

"ನಿಮ್ಮ ಉರಿಬಂಡೆ ಗುಡ್ಡದ ಮೃಗ ಕಣ್ರಯ್ಯಾ ಇದು. ಮುಂದೆ ಸಿಂಹ, ಹಿಂದೆ ಹಾವು, ನಡುವೆ ಆಡು. ಬಾಯಿ ಬಿಟ್ರೆ ಬೆಂಕಿ. ಕಿಮೆರಾ ಅಂತ ಹೆಸರು. ಹಿಂದೆ ಒಬ್ಬ ವೀರ ರೆಕ್ಕೆ ಕುದುರೆ ಮೇಲೆ ಬಂದು ಇದನ್ನ ಕೊಂದನಂತೆ. ನಮ್ಮ ಸಿನಿಮಾದಲ್ಲಿ ರಾಕೆಟ್‌ನಲ್ಲಿ ಬರ್ತಾನೆ."

"ಕುದುರೆ ಯಾಕ್ ಬ್ಯಾಡ್ವಂತೆ?" ಎಂದ ಸಿತ್ಕಿ.

"ರೆಕ್ಕೆ ದುಬಾರಿ."

"ರಾಕೆಟ್ಟು?"

"ಒಲೆ ಹೊಗೆಕೊಳವೆ. ಬೆಳ್ಳಿ ಬಣ್ಣ ಬಳಿದಿದೀವಿ."

ಆ ಸಿನಿಮಾದಲ್ಲಿ ಗ್ರಹದ ಹೆಸರು ಕಿಮೆರಾ, ಅದರ ರಾಣಿಯ ಹೆಸರು ಕಿಮೆರಾ, ಹೊಗೆಕೊಳವೆಯ ಮೇಲೂ ಕಿಮೆರಾ ಎಂದೇ ಬರೆದಿತ್ತು. ಒಂದು ಹೆಸರು ಪುಕ್ಕಟೆ ಸಿಕ್ಕಿತೆಂದು ಕೊನೆಯ ಹನಿಯವರೆಗೂ ಹಿಂಡಿದ್ದರು. ಮೃಗಕ್ಕೆ ಮಾತ್ರ ಒಬ್ಬ ಆಳು ಮತ್ತು ಒಂದು ಆಡು ಬೇಕಿತ್ತು. ಆಳು ಸಿಂಹದ ತಲೆ ಹಾಕಿಕೊಂಡು ಮುಂದೆ ಬಾಗಿ ನಡೆಯಬೇಕು, ಅವನ ಸೊಂಟಕ್ಕೆ ಕಟ್ಟಿದ ಆಡು ಹಳದಿ ಚರ್ಮ ಹೊದ್ದು, ರಬ್ಬರ್ ಕೊಳವೆಯ ಬಾಲ ಎಳೆಯುತ್ತ ಹಿಂದೆ ಬರಬೇಕು. ದುರ್ಮುಷ್ ಕನ್ನಡಿ ತೆಗೆದು ಮೀಸೆ ನೋಡಿಕೊಂಡು ಎದ್ದು ನಿಂತ. ಸಿಂಹ ನಾನೇ, ಆಡು ನಮ್ಮ ಪಾಷಾ ಎಂದ.

"ಪಾಷಾನ್ನ ಕೊಡಕ್ಕಾಗಲ್ಲ," ಎಂದಳು ಯೆತೆರ್ ಮನೆಯಲ್ಲಿ. "ಬೆಟ್ಟ ಹತ್ತೋ ಹೊತ್ತು. ಅವನಿಗೇನಾರ ಆದ್ರೆ ಹಿಂಡು ಹೊಳೆ ದಾಟಲ್ಲ. ನಮ್ಗೆ ಇರೋದು ಅದೊಂದೇ ಅಲ್ವಾ?"

"ಆಡಿಗೆ ಕೊಡೋ ಮರ್ಯಾದೆ ಗಂಡನ್ಗೂ ಒಸಿ ಕೊಡೆ. ಸಿನಿಮಾದೋರು ಕರ್ದಿರೋದು ನನ್ನ."

"ಸಿಂಹದ ತಲೆ ಒಳಗೆ ನಿಮ್ ಮುಖ ಎಲ್ಲಿ ಕಾಣುತ್ತೆ?"

ಅದಕ್ಕೆ ಅವನು ಬಾಯಲ್ಲಿ ಉತ್ತರ ಕೊಡಲಿಲ್ಲ, ಕೈಯಲ್ಲಿ ಕೊಟ್ಟ. ಕೆನ್ನೆ ಒರೆಸಿಕೊಂಡು ಯೆತೆರ್ ಒಂದೇ ಮಾತು ಕೇಳಿದಳು: ಹಿಂಡನ್ನು ಕೆಳಗಿನ ಮುಳ್ಳುದೊಡ್ಡಿಗೆ ಕೂಡಿ ತಾನು ಕಾವಲಿರುತ್ತೇನೆ, ಗಂಟೆ ಕಣ್ಣೆದುರಿದ್ದರೆ ಪಾಷಾ ಹಿಂದೆ ಬರುತ್ತಾನೆ, ಅದನ್ನು ಬಿಚ್ಚಿ ಉಣ್ಣೆ ತುರುಕಿ ಕೊಡುತ್ತೇನೆ, ಆದರೆ ಅದು ಸದ್ದು ಮಾಡಕೂಡದು. ಹಾಗೇ ಮಾಡಿದಳು. ಪಾಷಾನ ಕೊರಳಿನಿಂದ ಗಂಟೆ ತೆಗೆದು, ಹೆಬ್ಬೆರಳಿನಿಂದ ಒತ್ತಿ ಒತ್ತಿ ಉಣ್ಣೆ ತುಂಬಿ, ಗಂಡನ ಕೈಗೆ ಕೊಟ್ಟಳು. ಅವನು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಉರಿಬಂಡೆ ಗುಡ್ಡದಲ್ಲಿ ನೆಲದೊಳಗಿನ ಅನಿಲ ಬಂಡೆಯ ಬಿರುಕುಗಳಲ್ಲಿ ಹಗಲಿರುಳೂ ತಾನಾಗಿ ಉರಿಯುತ್ತದೆ, ಸೂರ್ಯ ಹಿಂದಕ್ಕೆ ಸರಿದರೆ ಆ ಉರಿ ಚೆನ್ನಾಗಿ ಕಾಣುತ್ತದೆ. ಸಾಲದೆಂದು ನೆಜಾತ್ ಬೇ ಸೀಮೆಎಣ್ಣೆ ಬೇರೆ ಸುರಿಸಿದ. ಊರವರನ್ನು ಕ್ಯಾಮೆರಾದಿಂದ ದೂರ, ಹೊಗೆಯ ಆಚೆ ನಿಲ್ಲಿಸಿದ್ದರು. ಯೆತೆರ್ ಕೆಳಗೆ ದೊಡ್ಡಿಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಮೇಲಿನಿಂದ ಬೈಗುಳ ಕೇಳುತ್ತಿತ್ತು. ಆಡು ಹೆಜ್ಜೆ ಕೀಳುತ್ತಿಲ್ಲ, ರೀಲು ಹಾಳಾಗುತ್ತಿದೆ, ಈ ದಂಡಪಿಂಡವನ್ನು ಬಿಟ್ಟು ಬೇರೆಯವನನ್ನು ಕರೆಯಿರಿ ಎಂದು ನೆಜಾತ್ ಬೇ ಕಿರುಚುತ್ತಿದ್ದ. ಪಾಷಾ ಬೆಂಕಿಗೆ ಹೆದರಿದ್ದಾನೆ, ಇನ್ನು ಬಿಟ್ಟುಬಿಡುತ್ತಾರೆ ಎಂದು ಅವಳಿಗೆ ಸಮಾಧಾನವಾಯಿತು.

ಆಗ ಗಂಟೆ ಕೇಳಿತು.

ಅರವತ್ತಮೂರು ಆಡುಗಳು ಒಟ್ಟಿಗೆ ತಲೆ ಎತ್ತಿದವು. ಯೆತೆರ್ ಏಳುವಷ್ಟರಲ್ಲಿ ಮುಳ್ಳುಬೇಲಿ ಕಿತ್ತುಹೋಗಿತ್ತು. ಒಂದರ ಕೊಂಬು ಹಿಡಿದಳು, ಅದು ಅವಳನ್ನು ಕಲ್ಲಿನ ಮೇಲೆ ಎಳೆದುಕೊಂಡೇ ಓಡಿತು. ಅವಳು ಮೇಲೆ ಬರುವಾಗ ಪಾಷಾನ ಬೆನ್ನಿನ ಹಳದಿ ಚರ್ಮ ಹೊತ್ತಿಕೊಂಡಿತ್ತು. ದುರ್ಮುಷ್ ಹಗ್ಗ ಕಳಚಿ, ಸಿಂಹದ ತಲೆ ಬಿಸಾಕಿ ಪಕ್ಕಕ್ಕೆ ಹಾರಿದ್ದ. ಪಾಷಾ ಉರಿಯುತ್ತಲೇ ಬಂಡೆಯ ಅಂಚಿಗೆ ಓಡಿ ಕೊರಕಲಿಗೆ ಧುಮುಕಿದ. ಹಿಂಡು ಅವನ ಹಿಂದೆ ಹೋಯಿತು. ಒಂದೂ ತಡೆಯಲಿಲ್ಲ, ಸಾಲು ತಪ್ಪಲಿಲ್ಲ, ಹೊಳೆ ದಾಟುವಾಗ ಹೇಗೆ ಹೋಗುತ್ತಿದ್ದವೋ ಹಾಗೇ ಹೋದವು. "ನಿಲ್ಲಿಸ್ಬೇಡ್ವೋ, ಕ್ಯಾಮೆರಾ ನಿಲ್ಲಿಸ್ಬೇಡ!" ಎಂದು ನೆಜಾತ್ ಬೇ ಕುಣಿಯುತ್ತಿದ್ದ. ಹೊಗೆಯ ಆಚೆ ನಮ್ಮೂರವರು ಚಪ್ಪಾಳೆ ತಟ್ಟಿದರು, ಸಿನಿಮಾ ಎಂದರೆ ಇದೇ ಎಂದುಕೊಂಡು.

ಆಮೇಲೆ ಗಂಡಸರು ಚಾಕು ಹಿಡಿದು ಕೊರಕಲಿಗೆ ಇಳಿದರು. ಉಸಿರಿರುವಾಗಲೇ ದೇವರ ಹೆಸರು ಹೇಳಿ ಕೊಯ್ದರೆ ಮಾಂಸ ತಿನ್ನಬಹುದು, ಸತ್ತ ಮೇಲೆ ಹರಾಮು. ಆದ್ದರಿಂದ ಎಲ್ಲರಿಗೂ ಅವಸರ. ಪಾಷಾನ ಹತ್ತಿರ ಮಾತ್ರ ಯೆತೆರ್ ಯಾರನ್ನೂ ಬಿಡಲಿಲ್ಲ. ಸೊಂಟ ಮುರಿದಿತ್ತು, ಬೆನ್ನು ಸುಟ್ಟಿತ್ತು. ಕೊರಳು ಹಿಡಿದಾಗ ಅವನು ಅವಳ ಅಂಗೈಯನ್ನು ಉಪ್ಪಿಗಾಗಿ ನೆಕ್ಕಿದ. ಇನ್ನೊಂದು ಕೈಯಲ್ಲಿ ಅವಳೇ ಕೊಯ್ದಳು. ಊರು ಮೂರು ದಿನ ಮಾಂಸ ತಿಂದಿತು. ಸಿನಿಮಾದವರೂ ತಿಂದು ಹೋದರು.

"ಗಂಟೆಗೆ ಉಣ್ಣೆ ಸಡಿಲವಾಗಿ ತುರುಕಿದ್ಲು," ಎಂದ ದುರ್ಮುಷ್ ಕಾಫಿ ಅಂಗಡಿಯಲ್ಲಿ. "ಸೊಂಟದಲ್ಲಿದ್ದಂಗೇ ತಾನಾಗಿ ಉದುರೋಯ್ತು. ನಾನೇನು ಮಾಡ್ಲಿ?"

ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ. ಆ ಗಂಟೆಯಲ್ಲಿ ಇನ್ನೊಬ್ಬರ ಬೆರಳು ಆಡಿರಬಹುದು ಎಂದು ಯೋಚಿಸುವ ತಲೆಯೇ ನಮ್ಮಲ್ಲಿ ಇರಲಿಲ್ಲ. ಹೆಬ್ಬೆರಳು ಒತ್ತಿದ್ದು ಯೆತೆರ್‌ಗೆ ನೆನಪಿತ್ತು. ನೂರು ಜನ ನೂರು ಸಲ ಹೇಳಿದ ಮೇಲೆ ಹೆಬ್ಬೆರಳಿಗೇ ಅನುಮಾನ ಬಂತು. ಹೌದು, ನಾನೇ ಕೊಂದೆ ಎಂದು ಅವಳು ಒಪ್ಪಿಕೊಂಡಳು. ಒಪ್ಪಿಕೊಂಡವರ ಮೇಲೆ ಊರಿಗೆ ಇನ್ನಷ್ಟು ಸಲಿಗೆ.

ಮನೆ ಮುರಿದವಳು, ಬಂಜೆ ಬೇರೆ, ಎಂದು ದುರ್ಮುಷ್ ಆ ವರ್ಷವೇ ಗುಲ್ಸುಮ್ ಎಂಬ ಹುಡುಗಿಯನ್ನು ಎರಡನೆಯವಳಾಗಿ ತಂದ. ಯೆತೆರ್‌ಳ ಹಾಸಿಗೆ ಹಿತ್ತಲ ಕೋಣೆಗೆ ಹೋಯಿತು. ಅದರ ಎದುರಿನ ಗೋಡೆಗೆ ಅವನೇ ಮೊಳೆ ಹೊಡೆದು ಗಂಟೆ ನೇತುಹಾಕಿದ. "ದಿನಾ ಎದ್ದು ನೋಡು," ಎಂದ. ಅವಳು ಅದಕ್ಕೆ ಮತ್ತೆ ಉಣ್ಣೆ ತುರುಕಿದಳು, ಈ ಸಲ ಬೆರಳು ನೋಯುವಷ್ಟು. ಊರ ಮಕ್ಕಳಿಗೆ ಸಿನಿಮಾದ ಹೆಸರು ನಾಲಿಗೆಯ ಮೇಲಿತ್ತು. ಅರವತ್ತು ಆಡು ನುಂಗಿದವಳಿಗೆ ಅದೇ ಹೆಸರು ಅಂಟಿತು. ಬಾವಿಯ ಕಡೆ ಹೋದರೆ "ಕಿಮೆರಾ ಬಂತು, ಬಾಯಿ ಮುಚ್ಕೊಳ್ರೋ, ಬೆಂಕಿ ಉಗಿಯುತ್ತೆ!" ಎಂದು ಓಡುತ್ತಿದ್ದವು. ಅವರಮ್ಮಂದಿರು ನಗುತ್ತಿದ್ದರು.

ಮರುವರ್ಷ ಕುಮ್ಲುಜಾ ಪೇಟೆಯ ಬಯಲು ಟಾಕೀಸಿಗೆ ಆ ಸಿನಿಮಾ ಬಂತು. ದುರ್ಮುಷ್ ಹೊಸ ಅಂಗಿ ತೊಟ್ಟು ಒಬ್ಬನೇ ಹೋದ. ಬಂದವನು ಕಾಫಿ ಅಂಗಡಿಗೂ ಹೋಗದೆ ಮಲಗಿದ. ಕೇಳಿದವರಿಗೆ "ನಮ್ ಸೀನು ಕಿತ್ತಾಕವ್ರೆ, ನೋಡೋಕೇನೂ ಇಲ್ಲ" ಎಂದ. ಹದಿನೈದು ಮೈಲಿ ನಡೆದು, ಇಲ್ಲದ ಸೀನು ನೋಡಲು ಯಾರು ಹೋಗುತ್ತಾರೆ?

ವರ್ಷಗಳು ಉರುಳಿದವು. ರಸ್ತೆ ಬಂತು, ಬಿಳಿ ಕಾಲಿನ ಪ್ರವಾಸಿಗರು ಬಂದರು. ಸಿತ್ಕಿಯ ಕಾಫಿ ಅಂಗಡಿ 'ಕಿಮೆರಾ ವಸತಿಗೃಹ' ಆಯಿತು. ಕಿಮೆರಾ ಸಾಬೂನು, ಕಿಮೆರಾ ಟ್ಯಾಕ್ಸಿ ಎಲ್ಲ ಬಂದವು. ಗುಲ್ಸುಮ್ ಒಂದು ಹೆಣ್ಣು ಹೆತ್ತು, ಮದುವೆ ಮಾಡಿ, ಎದೆನೋವಿನಿಂದ ಸತ್ತಳು. ದುರ್ಮುಷನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಅವನ ಹೇಸಿಗೆ ಬಾಚಿದವಳು, ಬಾಯಿಗೆ ಚಮಚ ಹಿಡಿದವಳು ಯೆತೆರ್. ಆರು ವರ್ಷ. ಸಾರು ತಣ್ಣಗಿದ್ದರೆ ಅವಳ ಮುಖಕ್ಕೇ ಉಗಿಯುತ್ತಿದ್ದ, ಉಳಿದ ಎಡಗೈಯಲ್ಲಿ ಹೊಡೆಯುತ್ತಿದ್ದ. ಅವಳು ಒರೆಸಿಕೊಂಡು ಬಿಸಿ ಮಾಡಿ ತರುತ್ತಿದ್ದಳು. ಪಾಷಾ ಸೇರಿ ಅರವತ್ತನಾಲ್ಕು ಜೀವದ ಪಾಪ ಕಳೆಯುತ್ತಿದೆ ಎಂದೇ ಅವಳ ಲೆಕ್ಕ. ಹೊಟ್ಟೆಪಾಡಿಗೆ ಹಗಲು ವಸತಿಗೃಹದ ಅಂಗಳದಲ್ಲಿ ಕೂತು, ಸೊಪ್ಪು ಚೀಸ್ ತುಂಬಿ ತೆಳ್ಳನೆಯ ರೊಟ್ಟಿ ಲಟ್ಟಿಸುತ್ತಿದ್ದಳು.

ಒಂದು ಮಧ್ಯಾಹ್ನ ಇಸ್ತಾಂಬುಲ್‌ನ ನಾಲ್ಕು ಹುಡುಗ ಹುಡುಗಿಯರು ಪಕ್ಕದ ಮೇಜಿನಲ್ಲಿ ಫೋನು ನೋಡುತ್ತ ಹೊಟ್ಟೆ ಹಿಡಿದು ನಗುತ್ತಿದ್ದರು. ಅವರಲ್ಲಿ ಪೆಲಿನ್ ಎಂಬ ಹುಡುಗಿಯ ಅಂಗಿಯ ಮೇಲೆ ಸಿಂಹ, ಆಡು, ಹಾವು, ಮೂರು ತಲೆಯ ಚಿತ್ರವಿತ್ತು. ಯಾವುದೋ ವಿಡಿಯೋ ಗೇಮಿನದು.

"ಅಜ್ಜಿ, ಇದು ನಿಮ್ಮ ಗುಡ್ಡಾನೇ ಅಂತೆ! ಪ್ರಪಂಚದಲ್ಲೇ ಅತಿ ಕೆಟ್ಟ ಸಿನಿಮಾ. ಈ ತುಣುಕು ನೋಡ್ದೇ ಇರೋರೇ ಇಲ್ಲ. ಈಗ ಬರುತ್ತೆ ನೋಡಿ, ಕಿಮೆರಾದ ಕೈ!"

ಹಿಟ್ಟಿನ ಕೈಯಲ್ಲೇ ಯೆತೆರ್ ಬಗ್ಗಿ ನೋಡಿದಳು. ಬೆಂಕಿ. ಕಾಗದದ ಸಿಂಹ. ಅದರ ಹಿಂದೆ ಕಾಲೂರಿ ನಿಂತ ಪಾಷಾ, ಜೀವಂತವಾಗಿ, ಕಿವಿ ಅಲ್ಲಾಡಿಸುತ್ತ. ಸಿಂಹದ ಪಂಜಾ ಬಿರಿದು ಮನುಷ್ಯನ ಕೈ ಹೊರಬಂತು. ಕೈಯಲ್ಲಿ ಗಂಟೆ. ಆ ಕೈಯ ಗುರುತು ಅವಳಿಗೆ ಉಂಗುರದಿಂದ ಸಿಗಬೇಕಿರಲಿಲ್ಲ, ಅವಳ ಕೆನ್ನೆಗೇ ಗೊತ್ತಿತ್ತು. ಬೆರಳು ಉಣ್ಣೆಯನ್ನು ಎಳೆಯಿತು. ಬರಲಿಲ್ಲ. ಮತ್ತೆ ಎಳೆಯಿತು. ಬರಲಿಲ್ಲ. ಕೊನೆಗೆ ಗಂಟೆ ಸಿಂಹದ ಬಾಯೊಳಗೆ ಹೋಯಿತು, ತಲೆ ಆಚೆ ಈಚೆ ಜಗ್ಗಾಡಿತು, ಸಿಂಹ ಥೂ ಎಂದು ಬಿಳಿ ಉಣ್ಣೆ ಉಗಿಯಿತು. ಕೈ ಗಂಟೆ ಅಲ್ಲಾಡಿಸಿತು. ಪಾಷಾ ಕಿವಿ ನಿಮಿರಿಸಿ ಬೆಂಕಿಗೆ ಕಾಲಿಟ್ಟ.

ಹುಡುಗರು ಮೇಜು ಬಡಿದು ನಕ್ಕರು. "ಮೃಗ ಗಂಟೆ ತಿಂತಾ ಇದೆ!"

"ಇನ್ನೊಂದ್ಸಲ ಹಾಕವ್ವಾ," ಎಂದಳು ಯೆತೆರ್.

ಹಾಕಿದರು. ಮೂರನೆಯ ಸಲವೂ ಕೇಳಿದಳು.

"ಅಷ್ಟು ಇಷ್ಟ ಆಯ್ತಾ ಅಜ್ಜಿ?"

"ಎಷ್ಟು ಬಿಗಿಯಾಗಿ ತುರುಕಿದ್ದೆ ನೋಡು," ಎಂದಳು. "ಹಲ್ಲು ಹಾಕಿ ಕೀಳಬೇಕಾಯ್ತು."

ಅವರಿಗೆ ಅರ್ಥವಾಗಲಿಲ್ಲ. ಅವಳು ಉಳಿದ ಹಿಟ್ಟನ್ನೆಲ್ಲ ಲಟ್ಟಿಸಿ, ಬೇಯಿಸಿ, ಕೈ ತೊಳೆದು ಮನೆಗೆ ಹೋದಳು.

ದುರ್ಮುಷ್ ಒಳಕೋಣೆಯ ಹಾಸಿಗೆಯಲ್ಲಿ ಬಾಯಿ ತೆರೆದು ಕಾಯುತ್ತಿದ್ದ. ಯೆತೆರ್ ಎಂದಿನಂತೆ ಹುಳಿಮೊಸರು ಹಿಟ್ಟಿನ ತರ್ಹಾನಾ ಸಾರು ಕಾಸಿದಳು, ಉಪ್ಪು ನೋಡಿದಳು. ಬಟ್ಟಲನ್ನು ಹಾಸಿಗೆಯ ಹತ್ತಿರ ಒಯ್ಯಲಿಲ್ಲ, ಹೊಸ್ತಿಲ ಬಳಿ ನೆಲದ ಮೇಲೆ ಇಟ್ಟಳು. ಹಿತ್ತಲ ಕೋಣೆಯ ಮೊಳೆಯಿಂದ ಗಂಟೆ ತಂದು, ಕೂದಲುಸೂಜಿಯಲ್ಲಿ ಉಣ್ಣೆ ಕಿತ್ತು, ಬಟ್ಟಲಿನ ಪಕ್ಕ ಕೂತಳು.

"ಏನೇ... ತಾ ಇಲ್ಲಿ," ಎಂದ ಅವನು ತೊದಲುತ್ತ.

ಅವಳು ಗಂಟೆ ಅಲ್ಲಾಡಿಸಿದಳು. ನಲವತ್ತೊಂದು ವರ್ಷ ಮುಚ್ಚಿದ್ದ ಬಾಯಿ, ಆದರೂ ಸದ್ದು ಹಾಗೇ ಇತ್ತು. ಅವನು ಗಂಟೆ ನೋಡಿದ, ಅವಳ ಮುಖ ನೋಡಿದ. ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಯಿತು.

"ಉಪ್ಪು ಹಾಕಿದೀನಿ," ಎಂದಳು ಯೆತೆರ್. ಜೀವಮಾನದಲ್ಲಿ ಮೊದಲ ಸಲ ಗಂಡನನ್ನು ಏಕವಚನದಲ್ಲಿ ಕರೆದಳು. "ಬಾರೋ ಪಾಷಾ. ಬಾ."

ಆ ದಿನ ಅವನು ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೆಯ ದಿನ ಹಾಸಿಗೆಯಿಂದ ಉರುಳಿ, ಒಂದು ಕೈ ಒಂದು ಕಾಲಿನಲ್ಲಿ ನೆಲ ತೆವಳಿಕೊಂಡು ಬಂದ. ಬಟ್ಟಲಿಗೆ ಕೈ ನಿಲುಕುವಷ್ಟರಲ್ಲಿ ಅವಳು ಅದನ್ನು ಒಂದು ಗೇಣು ಹಿಂದಕ್ಕೆ ಸರಿಸಿ ಮತ್ತೆ ಗಂಟೆ ಅಲ್ಲಾಡಿಸಿದಳು.

ಈಗಲೂ ದಿನಕ್ಕೆ ಎರಡು ಹೊತ್ತು ಆ ಮನೆಯಿಂದ ಗಂಟೆ ಕೇಳುತ್ತದೆ. ಪಾಪ, ಮುದುಕಿಗೆ ಅರಳುಮರಳು, ಸತ್ತ ಆಡುಗಳನ್ನು ಕರೆಯುತ್ತಾಳೆ ಎಂದು ಊರು ಮರುಗುತ್ತದೆ. ಹಿಂಡು ಬರುವುದಿಲ್ಲ, ನಿಜ. ಒಂದು ಬರುತ್ತದೆ.