ಗ್ಯಾರಂಟಿ ಇಂಜೆಕ್ಷನ್

ನನ್ನ ಅಣ್ಣನದು ಮೀನು ವ್ಯಾಪಾರ. ಕಿವಿರು ಎತ್ತಿ ನೋಡದೆ ಒಂದು ಬಂಗಡೆಯನ್ನೂ ಬುಟ್ಟಿಗೆ ಹಾಕಿಸಿಕೊಳ್ಳುವವನಲ್ಲ. ಅಂಥ ಮಹಾ ಜಾಣ ನಮ್ಮ ತಂಗಿಯ ವಿಷಯದಲ್ಲಿ ಕಣ್ಣು ಮುಚ್ಚಿಕೊಂಡ.

ತಂಗಿಗೆ ಲೂಪಸ್. ಮೈಯನ್ನು ಕಾಯಬೇಕಾದ ರಕ್ತದ ಜೀವಕೋಶಗಳೇ ಅವಳ ಕಿಡ್ನಿಯ ಮೇಲೆ ಬಿದ್ದಿದ್ದವು. ಮಾತ್ರೆಗಳು ನಾಟದೆ ಹೋದಾಗ ದೊಡ್ಡ ಊರಿನ ಆಸ್ಪತ್ರೆಯ ಡಾಕ್ಟರಮ್ಮ ಹೊಸ ದಾರಿಯೊಂದನ್ನು ಹೇಳಿದರು: ಅವಳ ರಕ್ತದಿಂದಲೇ ಜೀವಕೋಶ ತೆಗೆದು, ಲ್ಯಾಬಿನಲ್ಲಿ ಬದಲಾಯಿಸಿ, ಮತ್ತೆ ಅವಳಿಗೇ ಏರಿಸುವುದು. "ಇದಿನ್ನೂ ಪ್ರಯೋಗ. ಗುಣವಾಗುತ್ತದೆ ಅಂತ ಮಾತು ಕೊಡಲಾರೆ," ಎಂದರು. ಪ್ರಯೋಗಕ್ಕೆ ಸೇರಿಸಿಕೊಳ್ಳಬಹುದೇ ಎಂದು ನೋಡಲು ಮುಂದಿನ ತಿಂಗಳು ತಪಾಸಣೆಗೆ ಬರಲು ಹೇಳಿದರು. ಅವರ ಆ ಪ್ರಾಮಾಣಿಕತೆಯೇ ಅಣ್ಣನಿಗೆ ಹಿಡಿಸಲಿಲ್ಲ.

"ಗ್ಯಾರಂಟಿ ಇಲ್ದೆ ಹೋದ್ರೆ ಡಾಕ್ಟ್ರು ಎಂತಕ್ಕೆ?" ಎಂದ.

ಗ್ಯಾರಂಟಿ ಕೊಡುವವನು ಕಾರವಾರದ ಒಂದು ಲಾಡ್ಜಿಗೆ ಬಂದ. ಸ್ಟೆಮ್ ಸೆಲ್ ಶಿಬಿರವಂತೆ, ಅದೂ ಜೀವಕೋಶದ ಚಿಕಿತ್ಸೆಯೇ ಅಂತೆ. ಬಿಳಿ ಕೋಟು, ಪ್ರೊಜೆಕ್ಟರು, ಎದ್ದು ನಡೆದ ಮುದುಕಿಯ ವಿಡಿಯೊ. ಮೊಣಕಾಲು, ಸಕ್ಕರೆ ಕಾಯಿಲೆ, ಬೋಳುತಲೆ, ಲೂಪಸ್, ಎಲ್ಲಕ್ಕೂ ಒಂದೇ ಇಂಜೆಕ್ಷನ್. ಬಾಟಲಿಯಲ್ಲಿ ಏನಿದೆ ಎಂದು ನಾನು ಕೇಳಿದ್ದಕ್ಕೆ ಅವನು ಅಣ್ಣನ ಮುಖ ನೋಡಿ ನಕ್ಕ. ಅಣ್ಣನೂ ನಕ್ಕ, ನಾಚಿಕೆಗೆಟ್ಟವನು.

ನಮ್ಮಲ್ಲಿ ದೊಡ್ಡ ಕೆಲಸಕ್ಕೆ ಮೊದಲು ದೇವರಲ್ಲಿ ಪ್ರಸಾದ ಕೇಳುತ್ತಾರೆ. ಮೂರ್ತಿಗೆ ಅಂಟಿಸಿದ ಹೂವಿನ ಎಸಳು ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ. ಶಿಬಿರದ ಇಂಜೆಕ್ಷನ್ ಕೊಡಿಸಲೇ ಎಂದು ಅಣ್ಣ ಕೇಳಿಸಿದ. ಎಡಕ್ಕೆ ಬಿತ್ತು. ಸರಿಯಾಗಿ ಅಂಟಿರಲಿಲ್ಲ ಎಂದು ಮತ್ತೆ ಹಚ್ಚಿಸಿದ. ಮತ್ತೂ ಎಡಕ್ಕೆ. ಬಲಕ್ಕೆ ಬೀಳುವ ತನಕ ಆಸಾಮಿ ಗರ್ಭಗುಡಿಯ ಎದುರಿನಿಂದ ಕದಲಲಿಲ್ಲ. ದೇವರಿಗೂ ಸಾಕಾಗಿರಬೇಕು.

"ದೇವ್ರೇ ಹೂಂ ಅಂದದೆ. ನಿಂಗೆಂತ ಗೊತ್ತದೆ? ದೊಡ್ಡಾಸ್ಪತ್ರೆಗೆ ಹೋಗೂದ್ರೊಳಗೆ ಅವ್ಳಿಗೆ ಸ್ವಲ್ಪ ಶಕ್ತಿ ಬರ್ಲಿ," ಎಂದು ನನ್ನ ಬಾಯಿ ಮುಚ್ಚಿಸಿದ. ತಂಗಿ ಅಣ್ಣನ ಮಾತು ಮೀರುವವಳಲ್ಲ. ಇಂಜೆಕ್ಷನ್ ಚುಚ್ಚಿಸಿಕೊಂಡಳು.

ತಪಾಸಣೆಯ ದಿನ ಡಾಕ್ಟರಮ್ಮ ಕೇಳಿದರು: "ಈ ನಡುವೆ ಬೇರೆ ಎಲ್ಲಾದರೂ ಸೆಲ್ ಚಿಕಿತ್ಸೆ ತಗೊಂಡಿದ್ದೀರಾ?"

ಅಣ್ಣ ಎದೆಯುಬ್ಬಿಸಿ, "ಹೌದು ಮೇಡಂ, ಸ್ಟೆಮ್ ಸೆಲ್ಲೇ ಹಾಕ್ಸಿದ್ದೆ," ಎಂದ. ಬಹುಮಾನ ಕೊಡುತ್ತಾರೆ ಎಂದುಕೊಂಡಿದ್ದನೋ ಏನೋ. ಅವರು ತಂಗಿಯ ಫೈಲು ಮುಚ್ಚಿಟ್ಟು, ಅಂಥದ್ದನ್ನು ಪಡೆದವರನ್ನು ಈ ಪ್ರಯೋಗಕ್ಕೆ ಸೇರಿಸಿಕೊಳ್ಳುವಂತಿಲ್ಲ ಎಂದರು.

ಅಣ್ಣನ ಮುಖ ನೋಡಲೂ ನನಗೆ ಹೇಸಿಗೆಯಾಯಿತು. ತಂಗಿ ಮಾತ್ರ ಸೆರಗು ಸರಿಸಿ, ಇಂಜೆಕ್ಷನ್ ಚುಚ್ಚಿದ ತೋಳನ್ನು ಅವರ ಮುಂದೆ ಹಿಡಿದು ಕೇಳಿದಳು:

"ಡಾಕ್ಟ್ರೇ, ಅವ್ರು ಹಾಕಿದ್ನ ಹೊರಗೆ ತೆಗೂಕೆ ಬರೂದಿಲ್ವಾ?"