ತಂದಿ ಮರಿಲಿಂಗ

ಸವಿತಾ ಕಕ್ಕೇರಾದವಳು. ಪಿಯುಸಿ ಮುಗಿಸಿ ಸುರಪುರದ ಒಂದು ಧರ್ಮಾರ್ಥ ಡಯಾಲಿಸಿಸ್ ಕೇಂದ್ರಕ್ಕೆ ಆಪರೇಟರ್ ಆಗಿ ಸೇರಿ ಆರು ವರ್ಷವಾಗಿತ್ತು. ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಆದೇಶ ಬರೆಯುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ, ತಪ್ಪಿ, ಮತ್ತೆ ನೋಡಿ ಕಲಿತಿದ್ದಳು.

ಅಲ್ಲಿ ಒಬ್ಬೊಬ್ಬ ರೋಗಿಗೂ ಒಂದು ಫೈಲು, ರೋಗಿಯ ಹೆಸರೇ ಫೈಲಿನ ಹೆಸರು. ಆ ಫೈಲುಗಳಿಂದ ದಿನದ ಪಾಳಿ ಪಟ್ಟಿ ತಾನಾಗಿಯೇ ಹೊರಬೀಳುತ್ತಿತ್ತು. ಪಟ್ಟಿಯಲ್ಲಿದ್ದವರ ಮನೆಗೆ ವ್ಯಾನು ಹೋಗುತ್ತಿತ್ತು. ತೀರಿಕೊಂಡವರಿಗಾಗಿ ಅವಳು ಹೊಸದಾಗಿ ಒಂದು ಸ್ಕ್ರಿಪ್ಟು, ಅಂದರೆ ಆದೇಶಗಳ ಸಣ್ಣದೊಂದು ಸರಣಿ, ಬರೆದಿದ್ದಳು. ಆದೇಶದ ಮುಂದೆ ಹೆಸರುಗಳನ್ನು ಕೊಟ್ಟರೆ ಅದರೊಳಗೆ ಸುತ್ತು ಹಾಕುವ ಲೂಪು ಒಂದೊಂದೇ ಹೆಸರು ಹಿಡಿದು, ಆ ಫೈಲನ್ನು ‘ಮೃತ’ ಎಂಬ ಫೋಲ್ಡರಿಗೆ ಒಯ್ದು ಹಾಕುತ್ತಿತ್ತು. ಫೈಲು ಸಿಗದಿದ್ದಾಗ ಬರುವ ದೂರುಗಳು ಪರದೆಗೆ ಬಾರದಂತೆ ಸ್ಕ್ರಿಪ್ಟಿನ ಬಾಯಿ ಕಟ್ಟಿದ್ದಳು.

ರೋಗಿಗಳಲ್ಲಿ ಹುಲಗಪ್ಪ ಎಂಬುವವರು ಮೂವರಾದಾಗ, ಆ ಮೂವರಿಗೂ ಇನ್ನು ಬರುವ ಹೊಸಬರಿಗೂ ತಂದೆಯ ಹೆಸರನ್ನೂ ಸೇರಿಸು ಎಂದರು ಡಾಕ್ಟರು. ಹಾಗೆ ತಿಂಥಣಿಯವನೊಬ್ಬ ‘ಹುಲಗಪ್ಪ ತಂದಿ ಮರಿಲಿಂಗ’ ಎಂದು ದಾಖಲಾದ. ಅವನಪ್ಪನೂ ಅಲ್ಲಿಯೇ ಹಳೆಯ ರೋಗಿ. ಅಪ್ಪನ ಫೈಲಿನ ಹೆಸರು ಬರೀ ‘ಮರಿಲಿಂಗ’. ಮಂಗಳವಾರ, ಶುಕ್ರವಾರ ಅಪ್ಪ ಮಗ ಒಂದೇ ವ್ಯಾನಿನಲ್ಲಿ ಬರುತ್ತಿದ್ದರು.

“ನನ್ನ ಹೆಸರು ಗೇಣುದ್ದ. ಇವಂದು ನೋಡವ್ವಾ, ನನ್ನೂ ಹೊತ್ಕೊಂಡು ತಿರಗತಾನ,” ಎಂದು ಮುದುಕ ನಗಾಡುತ್ತಿದ್ದ.

ಒಂದು ಶನಿವಾರ ಹುಲಗಪ್ಪ ತೀರಿಕೊಂಡ. ಸೋಮವಾರ ಸವಿತಾ ತಿಂಥಣಿಯ ದೇವರು ಮೌನೇಶ್ವರನನ್ನು ನೆನೆದು, ಅವನ ಪೂರ್ತಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಸ್ಕ್ರಿಪ್ಟಿಗೆ ಕೊಟ್ಟಳು. ಪರದೆ ಏನೂ ಅನ್ನಲಿಲ್ಲ. ಆಯಿತು ಎಂದುಕೊಂಡಳು.

ಮಂಗಳವಾರ ವ್ಯಾನಿನ ಹೊಸ ಡ್ರೈವರ್ ಆಸೀಫ್ ತಿಂಥಣಿಯ ಆ ಮನೆಯ ಮುಂದೆ ನಿಂತು ಕೂಗಿದ: “ಹುಲಗಪ್ಪ ಅದಾನೇನ್ರಿ? ಪಾಳಿ ಬಂದೈತಿ.”

ಸತ್ತವನ ತಾಯಿ ಮಲ್ಲಾಬಾಯಿ ಹೊರಗೆ ಬಂದಳು. “ಮಣ್ಣು ಕೊಟ್ಟು ಮೂರು ದಿನ ಆತು. ಚಾಷ್ಟಿ ಮಾಡಾಕ ಬಂದೀಯೇನೋ?”

“ಮಾಫ್ ಮಾಡ್ರಿ ಯವ್ವಾ. ಪಟ್ಟಿನ್ಯಾಗ ಐತಿ.”

“ಮತ್ತ ಮುದುಕಂದು?”

“ಅವರದಿಲ್ರಿ.”

“ಬಿಡ,” ಎಂದ ಮರಿಲಿಂಗ ಒಳಗಿನಿಂದ. “ಸೂತಕದ ಮನಿ ಅಂತ ಬಿಟ್ಟಾರ. ಸೂತಕ ಕಳದ ಮ್ಯಾಲ ಕರೀತಾರ.”

ಆಸೀಫ್ ಬಂದು, ತೀರಿಕೊಂಡವನ ಹೆಸರು ಪಟ್ಟಿಯಲ್ಲಿತ್ತೆಂದು ಸವಿತಾಗೆ ಹೇಳಿದ. ಅವಳು ನಾಲಿಗೆ ಕಚ್ಚಿಕೊಂಡು ಆ ಫೈಲನ್ನು ಕೈಯಿಂದಲೇ ತೆಗೆದಳು. ಮುದುಕನ ಮಾತನ್ನು ಅವನು ಎತ್ತಲಿಲ್ಲ, ಅವಳು ಕೇಳಲಿಲ್ಲ. ಶುಕ್ರವಾರ ತಿಂಥಣಿಗೆ ವ್ಯಾನು ಹೋಗಲೇ ಇಲ್ಲ.

ಭಾನುವಾರ ಬೆಳಿಗ್ಗೆ ಮರಿಲಿಂಗನನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಬಂದರು. ಮೈಯೆಲ್ಲ ಬಾತಿತ್ತು, ಉಸಿರು ಗೊರಗೊರ ಅನ್ನುತ್ತಿತ್ತು. “ಸೂತಕ ಅಂತ ಕರೀಲಿಲ್ಲೇನ್ರಿ?” ಎಂದಳು ಜೊತೆಗೆ ಬಂದ ಮಲ್ಲಾಬಾಯಿ. “ಫೈಲ್ ತಗೀ ಜಲ್ದಿ!” ಎಂದು ನರ್ಸ್ ಕೂಗಿದಳು. ಸವಿತಾ ಹುಡುಕಿದಳು. ಫೈಲು ‘ಮೃತ’ ಫೋಲ್ಡರಿನಲ್ಲಿತ್ತು.

ಒಳಗೆ ಅವನಿಗೆ ಮಶೀನು ಹಚ್ಚುವಾಗ ಅವಳು ಹೊರಗೆ ಕೂತು ಸ್ಕ್ರಿಪ್ಟು ತೆರೆದು ಓದಿದಳು. ಲೂಪಿನ ಸಾಲಿನಲ್ಲಿ, ಕೊಟ್ಟ ಹೆಸರುಗಳನ್ನು ಒಳತರುವ $@ ಎಂಬ ಗುರುತು ಬತ್ತಲೆ ನಿಂತಿತ್ತು, ಅದರ ಸುತ್ತ ಉದ್ಧರಣ ಚಿಹ್ನೆ ಇರಲಿಲ್ಲ. ಅವಳು ಒಂದಾಗಿ ಕೊಟ್ಟ ಹೆಸರನ್ನು ಲೂಪು ಖಾಲಿ ಜಾಗ ಕಂಡಲ್ಲೆಲ್ಲ ಕಡಿದಿತ್ತು. ಹುಲಗಪ್ಪ, ಅಂಥ ಫೈಲಿಲ್ಲ. ತಂದಿ, ಅಂಥ ಫೈಲಿಲ್ಲ. ಮರಿಲಿಂಗ, ಇತ್ತು. ಅದನ್ನೇ ಒಯ್ದಿತ್ತು. ಅವಳು ಚಿಹ್ನೆ ಹಾಕಿದಳು. ಕೀಲಿಮಣೆಯ ಮೇಲೆ ಎರಡೇ ಎರಡು ಒತ್ತು.

ಅಷ್ಟರಲ್ಲಿ ಒಳಗೆ ಮಶೀನು ನಿಲ್ಲಿಸಿದರು.

ಸವಿತಾ ಮಲ್ಲಾಬಾಯಿಯ ಎದುರು ನೆಲಕ್ಕೆ ಕೂತಳು. “ಯವ್ವಾ, ತಪ್ಪು ನಂದೈತಿ. ನಿನ್ನ ಮಗನ ಹೆಸರು ತಗಿಯಾಕ ಹೋಗಿ ಮುದುಕಂದು ತಗದೇನಿ. ಸೂತಕ ಅಲ್ಲ.”

“ಶುಕ್ರವಾರ ಮುಂಜಾನಿಂದ ಅಂಗಿ ಹಾಕ್ಕೊಂಡು ಕುಂತಿದ್ದ,” ಎಂದಳು ಮಲ್ಲಾಬಾಯಿ. “ಫೋನ್ ಮಾಡ್ಸೂಣು ಅಂದ್ರ ಬ್ಯಾಡ ಅಂದ. ಆ ಹುಡುಗಿ ಮರಿಯಂಗಿಲ್ಲ ಅಂದ.”

ಹೆಣ ಒಯ್ಯಲು ಆಸೀಫ್ ವ್ಯಾನು ತಂದ. ಸವಿತಾ ಹಿಂದೆ ಹತ್ತಿ ಹೆಣದ ಕಾಲ ಬಳಿ ಕೂತಳು. ಮಲ್ಲಾಬಾಯಿ ಇಳಿ ಅನ್ನಲಿಲ್ಲ. ಹತ್ತು ಅಂತಲೂ ಅಂದಿರಲಿಲ್ಲ.