ಗೊಂತಿಗೆ ಬಂದ ಗೌರಿ ಹೂವಿನ ಬಳ್ಳಿ

1998ರಲ್ಲಿ ನಾನು ದಂಡಿನಶಿವರದ ಕಡೆ ಪಶುವೈದ್ಯನಾಗಿದ್ದೆ. ಗೌರಿ ಹಬ್ಬ ಮುಗಿದ ಎರಡು ದಿನಕ್ಕೆ ತೋಟದ ಮನೆಯೊಂದರಿಂದ ಕರೆ ಬಂತು. ರೈತ ಗಂಗಣ್ಣನ ಹಾಲು ಕರೆಯುವ ಹಸು ಭೇದಿಯಾಗಿ ಸತ್ತಿತ್ತು.

ನಾನು ಹೋಗುವಷ್ಟರಲ್ಲಿ ತೀರ್ಪು ಆಗಿಹೋಗಿತ್ತು. ಬೇಲಿಯ ವಿಷಯಕ್ಕೆ ಜಗಳವಾಡಿದ್ದ ಪಕ್ಕದ ತೋಟದ ರಂಗಪ್ಪನನ್ನು ಅಂಗಳದಲ್ಲಿ ಕೂರಿಸಿಕೊಂಡಿದ್ದರು. ಅವನ ಅಂಗಿ ಹರಿದಿತ್ತು.

“ಇವ್ನೇ ವಿಷ ಹಾಕವ್ನೆ ಸಾ. ಬರ್ಕೊಡಿ, ಸ್ಟೇಷನ್‌ಗೆ ಹೋಯ್ತೀವಿ,” ಎಂದ ಗಂಗಣ್ಣ. ಹಸುವನ್ನು ಮುಟ್ಟಿಯೂ ನೋಡದೆ ಬರೆದುಕೊಡಲು ನಾನೇನು ಕಣಿ ಹೇಳುವವನೇ? ಸಿಟ್ಟು ಬಂತು.

ಪೋಸ್ಟ್‌ಮಾರ್ಟಂ ಮಾಡಿದೆ. ರೂಮೆನ್, ಅಂದರೆ ಹಸುವಿನ ಮೊದಲ ಹೊಟ್ಟೆಯಲ್ಲಿ, ಹುಲ್ಲಿನ ನಡುವೆ ಅರೆಬರೆ ಅಗಿದ ಎಲೆಗಳಿದ್ದವು. ಕೆಲವು ಎಲೆಗಳ ತುದಿ ಸಣ್ಣಗೆ ಸುರುಳಿ ಸುತ್ತಿಕೊಂಡಿತ್ತು. ಎಲೆಯ ತುದಿಯನ್ನೇ ಕೊಕ್ಕೆ ಮಾಡಿಕೊಂಡು ಬೇಲಿಗೆ ಹಬ್ಬುವ ಬಳ್ಳಿ ನಮ್ಮ ಕಡೆ ನಾನು ಕಂಡಂತೆ ಒಂದೇ, ಗೌರಿ ಹೂವಿನದು.

ಎಲ್ಲರನ್ನೂ ಬೇಲಿಗೆ ಕರೆದೊಯ್ದೆ. ಅಲ್ಲಿ ಅದು ಇನ್ನೂ ಅರಳಿತ್ತು. ಆರು ದಳ, ಅಲೆಅಲೆಯಾದ ಅಂಚು, ಬುಡ ಹಳದಿ, ತುದಿ ಕೆಂಪು. ಹೂವು ಕೆಳಮುಖವಾಗಿ ಬಾಗಿದರೂ ದಳಗಳು ಹಿಂದಕ್ಕೆ ಮಡಚಿ ಒಲೆಯ ಉರಿಯ ಹಾಗೆ ಮೇಲಕ್ಕೆ ನಿಲ್ಲುತ್ತವೆ. ದಿನ ಕಳೆದಂತೆ ಪೂರ್ತಿ ಕೆಂಪಾಗುತ್ತವೆ. ನೆಲದಡಿ ನೇಗಿಲಿನಂತೆ ಬಾಗಿದ ಗೆಡ್ಡೆ. ನೋಡಲು ಬಲು ಚೆಂದ, ಆದರೆ ಗಿಡದ ತುಂಬ ಕೋಲ್ಚಿಸಿನ್ ಎಂಬ ವಿಷ. ಗೆಡ್ಡೆಯಲ್ಲಂತೂ ಇನ್ನೂ ಹೆಚ್ಚು. ಒಂದು ಕಡೆ ಬಳ್ಳಿಯನ್ನು ಗೆಡ್ಡೆ ಸಮೇತ ಕಿತ್ತ ಗುಳಿಯಿತ್ತು.

“ಯಾರೂ ವಿಷ ಹಾಕಿಲ್ಲ. ಈ ಬಳ್ಳಿ ತಿಂದು ಸತ್ತಿದೆ,” ಎಂದೆ. ರಂಗಪ್ಪ ಟವೆಲಿನಿಂದ ಮುಖ ಒರೆಸಿಕೊಂಡ.

“ಹಸ ಕಟ್ಟಾಕಿದ್ವಲ್ಲ, ಮತ್ತೆ ಅದು ಮೇವಿನ ಗೊಂತಿಗೆ ಹೆಂಗ್ ಬಂತು?” ಗಂಗಣ್ಣ ಕೇಳಿದ.

ಆ ವರ್ಷವಷ್ಟೇ ತಿಪಟೂರು ಪೇಟೆಯಿಂದ ಮದುವೆಯಾಗಿ ಬಂದಿದ್ದ ಸೊಸೆ ಲತಾ ಮುಂದೆ ಬಂದಳು. “ನಾನೇ ಮಾವ. ಪೂಜೆಗೆ ಹೂವು ಬಿಡಿಸ್ಕೊಂಡೆ. ಬಳ್ಳಿ ದಂಡ ಆಗ್ಬಾರ್ದು ಅಂತ ಹಸೂಗೆ ಹಾಕ್ದೆ.”

ಪಾಪ, ಅವಳಿಗೇನು ಗೊತ್ತು? ಆದರೆ ಅತ್ತೆ, “ಎಲ್ಲಾ ಇವಳ ಕಾಲ್ಗುಣ,” ಎಂದುಬಿಟ್ಟಳು.

“ಕಾಲ್ಗುಣ ಅಲ್ಲ ಕಣಮ್ಮ, ವಿಷ!” ಎಂದು ರೇಗಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ರಂಗಪ್ಪನೇ ಗಂಗಣ್ಣನಿಗೆ, “ನನ್ ಮ್ಯಾಲೆ ತಪ್ ಹಾಕ್ದಂಗೆ ಆ ಮಗೀನ್ ಮ್ಯಾಲೂ ಹಾಕ್ಬ್ಯಾಡ ಕಣಣ್ಣ, ಬುಡು,” ಎಂದ.

ನಾನು ವರದಿ ಬರೆದುಕೊಟ್ಟು, ಬ್ಯಾಗು ಮುಚ್ಚಿಕೊಂಡು ಹೊರಟೆ.

ತಿಂಗಳ ಬಳಿಕ ಲಸಿಕೆ ಹಾಕಲು ಹೋದಾಗ ಗಂಗಣ್ಣನೂ ರಂಗಪ್ಪನೂ ಒಟ್ಟಿಗೆ ಬೇಲಿ ಸವರುತ್ತಿದ್ದರು. ಖುಷಿಯಾಯಿತು. ಅತ್ತೆ ಕಾಫಿ ತಂದುಕೊಟ್ಟಳು. ಸೊಸೆ ಎಲ್ಲಿ ಎಂದು ಕೇಳಿದೆ.

“ತೌರಿಗೆ ಕಳ್ಸಿದೀವಿ ಸಾ.”

ಯಾವಾಗ ಬರುತ್ತಾಳೆ ಎಂದದ್ದಕ್ಕೆ ಲೋಟ ಎತ್ತಿಕೊಂಡು ಒಳಗೆ ಹೋದಳು.

ನನ್ನ ವರದಿಯಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದರಿಂದ ರಂಗಪ್ಪ ಬಚಾವಾದ, ಲತಾ ಬಚಾವಾಗಲಿಲ್ಲ. ಸಾವಿನ ಕಾರಣ ಹೇಳಿದ ಮೇಲೂ ಆ ಅಂಗಳದಲ್ಲಿ ಇನ್ನಷ್ಟು ಹೊತ್ತು ನಿಲ್ಲುವುದೂ ವೈದ್ಯನ ಕೆಲಸ ಎಂದು ನಾನು ಕಲಿತದ್ದು ಆ ಮನೆಯಲ್ಲಿ.